ಒಂದು ಮನೆ, ಐದು ಜೋಡಿ ಕಣ್ಣು: ಅಲರ್ಜಿ ನಿಭಾಯಿಸಿದ ನನ್ನ ಅನುಭವ

ಪುಣೆಯಲ್ಲಿ ಗಣಪತಿ ನೀರಿಗೆ ಹೋಗಿ ಮಳೆ ಹಿಂದೆ ಸರಿಯಿತೆಂದರೆ ನಮ್ಮ ಮನೆಯಲ್ಲಿ ಕಣ್ಣು ತಿಕ್ಕುವ ಹಂಗಾಮು ಶುರು. ಸಿಂಹಗಡ ರಸ್ತೆಯ ಕಡೆ ನಮ್ಮ ಸೊಸೈಟಿ, ಅದರ ಹಿಂದೆ ಒಂದು ಖಾಲಿ ಜಾಗ. ಆ ಹೊತ್ತಿಗೆ ಅಲ್ಲಿ ಸೊಂಟದುದ್ದ ಹುಲ್ಲು ತೆನೆ ಬಿಟ್ಟಿರುತ್ತದೆ, ನಡುನಡುವೆ ಬಿಳಿ ಹೂವಿನ ಕಾಂಗ್ರೆಸ್ ಕಸ. ಪಾರ್ಥೇನಿಯಂ ಎನ್ನುವ ಈ ಕಳೆ ಹಬ್ಬುತ್ತಿದೆ ಎಂದು 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಮೊದಲು ದಾಖಲಾದದ್ದೇ ಪುಣೆಯಲ್ಲಿ. ನಾವು ಧಾರವಾಡದವರು, ಊರಲ್ಲೂ ಇದನ್ನು ಕಂಡವರೇ. ಇಲ್ಲಿ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ನಿಂತಿರುತ್ತದೆ.

ಮನೆಯಲ್ಲಿ ಐದು ಜನ: ಅತ್ತೆ, ನಮ್ಮನೆಯವರು, ನಾನು, ಕಾಲೇಜಿಗೆ ಹೋಗುವ ಮಗಳು, ಐದನೇ ಇಯತ್ತೆಯ ಮಗ. ಎಲ್ಲರ ಕಣ್ಣೂ ಕೆಂಪಾಗುತ್ತಿದ್ದವು, ಎಲ್ಲರೂ ಅದನ್ನು ಅಲರ್ಜಿ ಎನ್ನುತ್ತಿದ್ದೆವು. “ಒಂದ ಬಾಟ್ಲಿ ತಂದ್ರ ಎಲ್ಲಾರಿಗೂ ಆಗತೈತಲ್ಲವಾ” ಎಂದು ಅತ್ತೆ ಹೇಳಿದ್ದು ಸಹಜವೇ. ಆದರೆ ಇಷ್ಟು ವರ್ಷ ನೋಡಿಕೊಂಡು ಬಂದ ಮೇಲೆ ನಾನು ಗಟ್ಟಿಯಾಗಿ ಹೇಳಬಲ್ಲೆ: ಕಣ್ಣು ಕೆಂಪಾಗುವುದು ಎಲ್ಲರಿಗೂ ಒಂದೇ ಥರ, ಕಾರಣ ಮಾತ್ರ ಒಬ್ಬೊಬ್ಬರದು ಒಂದೊಂದು. ಮನೆಮಂದಿಗೆಲ್ಲ ಒಂದೇ ಬಾಟಲಿ ನಡೆಯುವುದಿಲ್ಲ.

ಇದು ಗೊತ್ತಾದದ್ದು ಅಡುಗೆಮನೆಯ ಕಾಲನಿರ್ಣಯ ಕ್ಯಾಲೆಂಡರಿನಿಂದ. ಹಾಲಿನ ಲೆಕ್ಕ ಬರೆಯುವ ಅದೇ ಚೌಕದಲ್ಲಿ ಯಾರ ಕಣ್ಣು ಕೆಂಪಾಯಿತೋ ಅವರ ಹೆಸರಿನ ಮೊದಲ ಅಕ್ಷರ ಬರೆಯುತ್ತ ಬಂದೆ. ಅವತ್ತು ಎಲ್ಲಿಗೆ ಹೋಗಿದ್ದರು, ಮನೆಯಲ್ಲಿ ಏನು ಕೆಲಸ ನಡೆದಿತ್ತು ಎಂದು ಪಕ್ಕದಲ್ಲೊಂದು ಶಬ್ದ. ತಿಂಗಳುಗಳು ಸರಿದಂತೆ ಚಿತ್ರ ತಾನಾಗಿಯೇ ಮೂಡಿತು. ಮಗನ ಅಕ್ಷರ ಸಪ್ಟೆಂಬರ್ ಕೊನೆಯಿಂದ ದೀಪಾವಳಿಯವರೆಗೆ ಗಿಜಿಗುಟ್ಟಿತ್ತು, ಮತ್ತೆ ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ. ಮೊದಲನೆಯದು ಹುಲ್ಲು ಮತ್ತು ಕಾಂಗ್ರೆಸ್ ಕಸದ ಕಾಲ, ಎರಡನೆಯದು ತಪಸಿಯಂಥ, ಗಾಳಿಗೆ ಪರಾಗ ತೂರುವ ಮರಗಳ ಕಾಲ. ನನ್ನ ಅಕ್ಷರ ಬಂದದ್ದೆಲ್ಲ ಅಟ್ಟ ಇಳಿಸಿದ, ಗಾದಿ ಝಾಡಿಸಿದ ದಿನಗಳಲ್ಲಿ, ಅಂದರೆ ಧೂಳಿನ ನುಸಿಯಿಂದ. ನಮ್ಮನೆಯವರದು ಬೈಕಿನಲ್ಲಿ ಹಿಂಜೆವಾಡಿಗೆ ಹೋದ ದಿನಗಳಲ್ಲಿ ಮಾತ್ರ. ಮನೆಯಿಂದಲೇ ಕೆಲಸ ಮಾಡಿದ ದಿನ ಇಲ್ಲವೇ ಇಲ್ಲ. ಅತ್ತೆಯದು ಮಾತ್ರ ಋತುವಿಗೆ ಸಂಬಂಧವೇ ಇಲ್ಲದೆ ದಿನಾ ಸಂಜೆ, ಟಿವಿ ನೋಡಿದ ಮೇಲೆ.

ಕಣ್ಣಿನ ಡಾಕ್ಟರ್ ಹತ್ತಿರ ಹೋಗುವಾಗ ಆ ಹಾಳೆಗಳನ್ನೇ ಹರಿದುಕೊಂಡು ಹೋದೆ. ಅವರು ಅತ್ತೆಯನ್ನು ಕೇಳಿದ ಮೊದಲ ಪ್ರಶ್ನೆ: ತುರಿಸುತ್ತದೆಯೋ, ಮರಳು ಬಿದ್ದಂತೆ ಚುಚ್ಚುತ್ತದೆಯೋ? ಅತ್ತೆ ಮರಳು ಎಂದರು. ಅಲರ್ಜಿಯ ಮುಖ್ಯ ಗುರುತು ತುರಿಕೆ, ಅತ್ತೆಗಿದ್ದದ್ದು ಒಣಗಣ್ಣು. ಅದರ ಮೇಲೆ ಶೀತಕ್ಕೆಂದು ಆಗಾಗ ನುಂಗುತ್ತಿದ್ದ ಸೆಟಿರಿಝಿನ್ ಮಾತ್ರೆ ಕಣ್ಣನ್ನು ಇನ್ನಷ್ಟು ಒಣಗಿಸುತ್ತಿತ್ತು. ಅವರಿಗೆ ಬೇಕಾದದ್ದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಇರುವ ಕೃತಕ ಕಣ್ಣೀರು, ರೆಪ್ಪೆಯ ಮೇಲೆ ಬಿಸಿ ಬಟ್ಟೆಯ ಶಾಖ. ಮಗನಿಗೋ ಇದರ ತದ್ವಿರುದ್ಧ, ತಣ್ಣನೆಯ ಬಟ್ಟೆ. ಒಂದೇ ಮನೆಯಲ್ಲಿ ಅಜ್ಜಿಗೆ ಬಿಸಿ, ಮೊಮ್ಮಗನಿಗೆ ತಂಪು.

ಮಗನ ಮೇಲುರೆಪ್ಪೆಯನ್ನು ಡಾಕ್ಟರ್ ಮಗುಚಿ ನನಗೂ ತೋರಿಸಿದರು. ಒಳಗಡೆ ನುಣುಪಾಗಿ ಗುಲಾಬಿಯಾಗಿರಬೇಕಾದ ಜಾಗದಲ್ಲಿ ಕಲ್ಲು ಹಾಸಿದ ಅಂಗಳದಂತೆ ಚಪ್ಪಟೆ ಗುಳ್ಳೆಗಳು ಒತ್ತೊತ್ತಾಗಿ ಕೂತಿದ್ದವು. ಪ್ರತಿ ಸಲ ರೆಪ್ಪೆ ಬಡಿದಾಗ ಅವು ಕಣ್ಣಿನ ಕರಿಗುಡ್ಡೆಯನ್ನು ಉಜ್ಜುತ್ತವೆ. ಇದು ಸಾದಾ ಅಲರ್ಜಿಗಿಂತ ಒಂದು ಮೆಟ್ಟಿಲು ಮೇಲಿನದು, ಹೆಸರು ವರ್ನಲ್ ಕೆರಾಟೊಕಂಜಂಕ್ಟಿವೈಟಿಸ್. ಬಿಸಿ, ಒಣ ಹವೆಯ ಪ್ರದೇಶಗಳಲ್ಲಿ ಹೆಚ್ಚು, ಅದರಲ್ಲೂ ಗಂಡುಮಕ್ಕಳಿಗೆ. ಹರೆಯಕ್ಕೆ ಬರುವ ಹೊತ್ತಿಗೆ ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ತಗ್ಗುತ್ತದೆ. ಅಲ್ಲಿಯವರೆಗೆ ಕಣ್ಣು ಕೆಡದಂತೆ ಕಾಯುವುದೇ ತಂದೆತಾಯಿಯ ಕೆಲಸ.

ಕಾಯುವುದು ಎಂದರೆ ಮುಖ್ಯವಾಗಿ ಕೈಯನ್ನು ಕಾಯುವುದು. ತಿಕ್ಕಿದಷ್ಟೂ ಕಣ್ಣನ್ನು ಹೊದ್ದಿರುವ ತೆಳು ಪದರದಲ್ಲಿನ ಮಾಸ್ಟ್ ಕೋಶಗಳೆಂಬ ಅಲರ್ಜಿಯ ಕೋಶಗಳಿಂದ, ತುರಿಕೆ ತರುವ ಹಿಸ್ಟಮೈನ್ ಎಂಬ ರಾಸಾಯನಿಕ ಇನ್ನಷ್ಟು ಹೊರಬಂದು ತುರಿಕೆ ಏರುತ್ತದೆ. ವರ್ಷಗಟ್ಟಲೆ ಹೀಗೆ ತಿಕ್ಕುವವರಲ್ಲಿ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ತೆಳ್ಳಗಾಗಿ ಮುಂದಕ್ಕೆ ಉಬ್ಬುವ ಕೆರಾಟೊಕೋನಸ್ ಬರುವ ಅಪಾಯ ಹೆಚ್ಚು. “ತಿಕ್ಕಬ್ಯಾಡೋ” ಎಂದು ಕೂಗಿದರೆ ಹುಡುಗ ಬಚ್ಚಲಿಗೆ ಹೋಗಿ ತಿಕ್ಕುತ್ತಾನೆ. “ತಡಕೊಳ್ಳಾಕ ಆಗೂದಿಲ್ಲ ಅಮ್ಮಾ” ಎನ್ನುವುದು ಸುಳ್ಳೂ ಅಲ್ಲ. ಅದಕ್ಕೆ ಕೈಗೆ ಬೇರೆ ಕೆಲಸ ಕೊಟ್ಟೆವು. ಚಿಕ್ಕ ಕರವಸ್ತ್ರಗಳನ್ನು ಒದ್ದೆ ಮಾಡಿ, ಹಿಂಡಿ, ಮಡಚಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟಿರುತ್ತೇನೆ. ತುರಿಕೆ ಬಂದರೆ ಅವನೇ ಹೋಗಿ ಒಂದು ತೆಗೆದು ಮುಚ್ಚಿದ ಕಣ್ಣಿನ ಮೇಲೆ ಇಟ್ಟುಕೊಳ್ಳುತ್ತಾನೆ. ಅತ್ತೆ ಊರಿನ ರೂಢಿಯಂತೆ ನಂದಿಬಟ್ಟಲು ಹೂ ಇಡೋಣ ಎಂದರು. ಆ ತೊಟ್ಟಿನ ಹಾಲು ಕಣ್ಣಿಗೆ ತಾಗಿದರೆ ಉರಿ, ಹೂವಿನ ಪರಾಗ ಬೇರೆ. ತಂಪು ಬೇಕಾದರೆ ನೀರಿನ ಬಟ್ಟೆ ಸಾಕು. ಗುಲಾಬಿ ನೀರು, ಜೇನುತುಪ್ಪ, ಹರಳೆಣ್ಣೆ ಯಾವುದನ್ನೂ ನಾನು ಕಣ್ಣೊಳಗೆ ಬಿಡುವುದಿಲ್ಲ.

ಹನಿಯ ವಿಷಯದಲ್ಲಿ ಸಮಯವೇ ಅರ್ಧ ಔಷಧ. ಮಗನಿಗೆ ಬರೆದುಕೊಟ್ಟದ್ದು ಓಲೊಪಟಡಿನ್: ಹಿಸ್ಟಮೈನನ್ನೂ ತಡೆಯುತ್ತದೆ, ಮಾಸ್ಟ್ ಕೋಶಗಳನ್ನೂ ಸುಮ್ಮನಿರಿಸುತ್ತದೆ. ಈ ಎರಡನೇ ಕೆಲಸಕ್ಕೆ ಮುಂಚಿತವಾಗಿ ಶುರು ಮಾಡಬೇಕು. ಕಣ್ಣು ಕೆಂಪಾದ ಮೇಲೆ ಓಡುವುದಕ್ಕಿಂತ ಹುಲ್ಲು ತೆನೆ ಬಿಡುವ ಮೊದಲೇ ಹಾಕತೊಡಗಿದ ವರ್ಷ ಅವನು ಶಾಲೆ ತಪ್ಪಿಸಿದ್ದು ಬಹಳ ಕಡಿಮೆ. ಡಾಕ್ಟರೂ ಈಗ ಗಣಪತಿ ಹಬ್ಬಕ್ಕೆ ಮುಂಚೆಯೇ ಒಮ್ಮೆ ಕರೆದು ನೋಡಿ ಪ್ರಮಾಣ ಹೇಳುತ್ತಾರೆ.

ಸ್ಟೀರಾಯ್ಡ್ ಹನಿಯ ಬಗ್ಗೆ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ನಮ್ಮ ಓಣಿಯ ಮೆಡಿಕಲ್ಲಿನಲ್ಲಿ ಕಣ್ಣು ಕೆಂಪಾಗಿದೆ ಎಂದರೆ ಚೀಟಿ ಇಲ್ಲದೆಯೇ ಒಂದು ಬಾಟಲಿ ಕೈಗಿಡುತ್ತಾರೆ. ಲೇಬಲ್ ಓದಿದರೆ ಆ್ಯಂಟಿಬಯಾಟಿಕ್ ಜೊತೆ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಇರುತ್ತದೆ. ಒಂದೇ ದಿನದಲ್ಲಿ ಕಣ್ಣು ಬಿಳಿಯಾಗುತ್ತದೆ, ಜನ ಅದನ್ನೇ ವರ್ಷಗಟ್ಟಲೆ ಹಾಕುತ್ತಾರೆ. ಒಳಗೊಳಗೆ ಕಣ್ಣಿನ ಒತ್ತಡ ಏರುತ್ತಿರುತ್ತದೆ, ನೋವೂ ಇರುವುದಿಲ್ಲ, ಗೊತ್ತಾಗುವ ಹೊತ್ತಿಗೆ ಗ್ಲೋಕೋಮಾದಿಂದ ನರ ಸತ್ತಿರಬಹುದು. ಕಣ್ಣಿನ ಪೊರೆಯೂ ಚಿಕ್ಕ ವಯಸ್ಸಿಗೇ ಬರಬಹುದು. ಮಗನಿಗೂ ಒಂದು ಹಂಗಾಮಿನಲ್ಲಿ ಸ್ಟೀರಾಯ್ಡ್ ಬೇಕಾಯಿತು. ಆದರೆ ಅದನ್ನು ಕೆಲವೇ ದಿನಕ್ಕೆಂದು ಕೊಟ್ಟು, ಹಂತಹಂತವಾಗಿ ಇಳಿಸಿ, ನಡುವೆ ಒತ್ತಡ ಅಳೆದು ನೋಡಿದರು. ಪದೇಪದೇ ಬೇಕಾಗುವ ಮಕ್ಕಳಿಗೆ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಎಂಬ ಬೇರೆ ಔಷಧಗಳಿವೆ. ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್, ಫ್ಲೋರೊಮೆಥೊಲೋನ್: ಈ ನಾಲ್ಕು ಸ್ಟೀರಾಯ್ಡ್‌ಗಳ ಹೆಸರನ್ನು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಚೀಟಿ ಇಲ್ಲದೆ ಇವು ನಮ್ಮ ಮನೆಯೊಳಗೆ ಬರುವುದಿಲ್ಲ.

ಹನಿ ಹಾಕುವ ರೀತಿಯನ್ನೂ ಎಲ್ಲರಿಗೂ ಕಲಿಸಿದೆ. ಒಂದೇ ಹನಿ ಸಾಕು, ಅದಕ್ಕಿಂತ ಹೆಚ್ಚು ಕಣ್ಣಲ್ಲಿ ನಿಲ್ಲುವುದಿಲ್ಲ. ಹಾಕಿದ ಮೇಲೆ ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಗಂಟಲಿಗೆ ಕಹಿ ಇಳಿಯುವುದಿಲ್ಲ. ಎರಡು ಬಗೆಯ ಹನಿಗಳ ನಡುವೆ ಐದು ನಿಮಿಷ ಅಂತರ. ಬಾಟಲಿ ತೆರೆದ ತಾರೀಖನ್ನು ಅದರ ಮೇಲೆಯೇ ಬರೆದು ತಿಂಗಳಿಗೆ ಎಸೆಯುವುದು. ಮಗಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಾಳೆ. ಹನಿಯಲ್ಲಿರುವ ಬೆಂಝಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವನ್ನು ಮೆತ್ತನೆಯ ಲೆನ್ಸ್ ಹೀರಿಕೊಳ್ಳುತ್ತದೆ, ಅದಕ್ಕೆ ಹನಿ ಹಾಕಿ ಹದಿನೈದು ನಿಮಿಷ ಕಳೆದ ಮೇಲೆಯೇ ಲೆನ್ಸ್. ಕಣ್ಣು ಕೆಂಪಿದ್ದ ದಿನ ಕನ್ನಡಕವೇ.

ಪುಣೆಯ ಹುಡುಗಿಯರಂತೆ ಅವಳೂ ಸ್ಕೂಟಿ ಮೇಲೆ ಹೋಗುವಾಗ ಕಣ್ಣಷ್ಟೇ ಕಾಣುವಂತೆ ಸ್ಕಾರ್ಫ್ ಸುತ್ತಿಕೊಳ್ಳುತ್ತಾಳೆ. ಒಂದು ದಿನ ಅವಳ ಸ್ಕಾರ್ಫನ್ನು ಬಿಳಿ ಬಕೆಟ್ಟಿನಲ್ಲಿ ನೆನೆಸಿದೆ, ನೀರು ಮಣ್ಣಿನ ಬಣ್ಣಕ್ಕೆ ತಿರುಗಿತು. ದಿನವಿಡೀ ಹಿಡಿದ ಧೂಳು, ಪರಾಗ ಅದರಲ್ಲೇ ಕೂತು ಮರುದಿನ ರೆಪ್ಪೆಗೆ ಒತ್ತಿಕೊಳ್ಳುತ್ತದೆ. ಈಗ ಸ್ಕಾರ್ಫಿಗೆ ದಿನಾ ನೀರು. ನಮ್ಮನೆಯವರಿಗೆ ಪೂರ್ತಿ ಮುಚ್ಚುವ ಗಾಜಿನ ಹೆಲ್ಮೆಟ್ ತಂದದ್ದೇ ಔಷಧವಾಯಿತು. ಹೊರಗಿನಿಂದ ಬಂದವರು ಮುಖ, ರೆಪ್ಪೆ ತೊಳೆದು ಬಟ್ಟೆ ಬದಲಿಸಿಯೇ ಹಾಸಿಗೆ ಮುಟ್ಟಬೇಕು. ದಿಂಬಿನ ಕವರು ವಾರಕ್ಕೊಮ್ಮೆ ಬಿಸಿ ನೀರಿಗೆ; ಅರವತ್ತು ಡಿಗ್ರಿಯ ನೀರಿಗೆ ನುಸಿ ಸಾಯುತ್ತದೆ. ಕಸಬರಿಗೆಯ ಬದಲು ಒದ್ದೆ ಬಟ್ಟೆ. ಹುಲ್ಲಿನ ಕಾಲದಲ್ಲಿ ಚಾದರ ಬಾಲ್ಕನಿಯಲ್ಲಿ ಒಣಗಿಸುವುದಿಲ್ಲ.

ಸೊಸೈಟಿಯ ಮೀಟಿಂಗಿನಲ್ಲಿ ಅಲರ್ಜಿಗೆ ಕಾರಣವೆಂದು ಗೇಟಿನ ಕಾಗದದ ಹೂವಿನ ಬಳ್ಳಿ, ಗುಲ್‌ಮೊಹರ್ ಕಡಿಸುವ ಮಾತು ಬಂದಾಗ ನಾನು ಎದ್ದು ನಿಂತೆ. ಕಣ್ಣಿಗೆ ಬೀಳುವ ಬಣ್ಣದ ಹೂಗಳು ಕೀಟ, ಹಕ್ಕಿಗಳನ್ನು ಕರೆಯುವಂಥವು, ಅವುಗಳ ಪರಾಗ ಅಂಟಂಟು, ಗಾಳಿಯಲ್ಲಿ ದೂರ ಹೋಗುವುದಿಲ್ಲ. ತೊಂದರೆ ಕೊಡುವುದು ಹೂವೆಂದೇ ಗೊತ್ತಾಗದ ಹುಲ್ಲಿನ ತೆನೆ. ಮರ ಉಳಿಯಿತು. ಈಗ ಆಗಸ್ಟಿನಲ್ಲಿ, ಹೂ ಬಿಡುವ ಮುಂಚೆ, ಹಿಂದಿನ ಜಾಗದ ಕಾಂಗ್ರೆಸ್ ಕಸವನ್ನು ಬೇರುಸಹಿತ ಕೀಳಿಸುತ್ತೇವೆ. ಕೀಳುವವರಿಗೆ ಕೈಗವಸು, ತುಂಬುತೋಳಿನ ಅಂಗಿ ಕೊಡಲೇಬೇಕು. ಅದು ಚರ್ಮಕ್ಕೂ ಅಲರ್ಜಿ ತರುವ ಗಿಡ.

ಅಲರ್ಜಿ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಆದರೆ 2023ರ ಜುಲೈಯಲ್ಲಿ ಇಲ್ಲೇ ಹತ್ತಿರದ ಆಳಂದಿಯಲ್ಲಿ ಸಾವಿರಾರು ಜನರಿಗೆ ಕಣ್ಣು ಬಂದಿದ್ದವು. ಅದು ಅಂಟುವ ಕಣ್ಣುಬೇನೆ. ಬೆಳಗ್ಗೆ ರೆಪ್ಪೆ ಅಂಟಿಕೊಂಡು ಪಿಸುರು ಬಂದರೆ, ಒಂದೇ ಕಣ್ಣಿನಿಂದ ಶುರುವಾದರೆ, ಮಗನ ಟವೆಲ್ಲು, ದಿಂಬು ಬೇರೆ ಮಾಡಿ ಶಾಲೆಗೆ ರಜೆ ಹೇಳುತ್ತೇನೆ. ನೋವು, ಬೆಳಕಿಗೆ ಕಣ್ಣು ಬಿಡಲಾಗದಿರುವುದು, ದೃಷ್ಟಿ ಮಂಜಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಇವುಗಳಲ್ಲಿ ಒಂದು ಕಂಡರೂ ಮನೆಯಲ್ಲಿರುವ ಹನಿಯನ್ನು ಮುಟ್ಟದೆ ಅದೇ ದಿನ ಡಾಕ್ಟರ್ ಹತ್ತಿರ ಕರೆದೊಯ್ಯುತ್ತೇನೆ.