ವಸ್ತುಗಳ ಗುಣವನ್ನು ಸ್ಪ್ಯಾನಿಷ್‌ನಲ್ಲಿ ಹೇಳಲು ಕಲಿಯುವ ಬಗೆ

ಸ್ಪ್ಯಾನಿಷ್ ಗುಣವಾಚಕಗಳನ್ನು ಪಟ್ಟಿಯಿಂದ ಬಾಯಿಪಾಠ ಮಾಡುವುದಕ್ಕಿಂತ, ಚಿಕ್ಕಮಗಳೂರಿನ ಯಾವುದಾದರೂ ಕಾಫಿ ಕಣದಲ್ಲಿ ನಿಂತು, ಕೈಗೆ ಸಿಕ್ಕ ಒಂದೊಂದು ವಸ್ತುವಿನ ಗುಣವನ್ನೂ ಇಡೀ ವಾಕ್ಯದಲ್ಲಿ ಹೇಳುತ್ತ ಹೋಗುವುದು ಮೇಲು. ಅದಕ್ಕೆ ಮುನ್ನ ಒಂದು ಭೇದವನ್ನು ಮನದಟ್ಟು ಮಾಡಿಕೊಳ್ಳಬೇಕು: ವಸ್ತುವಿನ ಸ್ವಭಾವವನ್ನು ಹೇಳಲು ಆ ಭಾಷೆಯಲ್ಲಿ ‘ಸೆರ್’ ಎಂಬ ಕ್ರಿಯಾಪದವಿದೆ, ಈಗಿನ ಸ್ಥಿತಿಯನ್ನು ಹೇಳಲು ‘ಎಸ್ತಾರ್’ ಎಂಬ ಬೇರೊಂದು ಕ್ರಿಯಾಪದವಿದೆ. ಒಂದು ವಸ್ತುವಿನ ಬಗ್ಗೆ ಹೇಳುವ ವಾಕ್ಯದಲ್ಲಿ ಇವು ಕ್ರಮವಾಗಿ ‘ಎಸ್’, ‘ಎಸ್ತಾ’ ಎಂದಾಗುತ್ತವೆ.

ಕಾಫಿ ಬೀಜ ಗಟ್ಟಿ ಎನ್ನಲು ‘ಎಲ್ ಗ್ರಾನೊ ಎಸ್ ದೂರೊ’ ಎನ್ನಬೇಕು. ಅದೇ ಬೀಜ ಒಣಗಿದೆ ಎನ್ನಲು ‘ಎಲ್ ಗ್ರಾನೊ ಎಸ್ತಾ ಸೇಕೊ’ ಎನ್ನಬೇಕು. ‘ಬೇರ್ದೆ’ ಎಂಬ ಪದವು ‘ಎಸ್’ ಜೊತೆಗೆ ಬಂದಾಗ ಹಸಿರು ಬಣ್ಣವನ್ನು ಸೂಚಿಸುತ್ತದೆ, ಹಣ್ಣಿನ ವಿಷಯದಲ್ಲಿ ‘ಎಸ್ತಾ’ ಜೊತೆಗೆ ಬಂದಾಗ ಇನ್ನೂ ಕಾಯಿ ಎಂಬ ಅರ್ಥವನ್ನು ಕೊಡುತ್ತದೆ. ಕೊಯ್ಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರುಚಿಯಲ್ಲಿ ಈ ಭೇದ ಇನ್ನೂ ಸೂಕ್ಷ್ಮ: ಕಾಫಿಯೆಂಬುದೇ ಕಹಿ ಎನ್ನುವಾಗ ‘ಎಸ್ ಅಮಾರ್ಗೊ’, ಕೈಯಲ್ಲಿರುವ ಈ ಲೋಟದ ಕಾಫಿ ನಾಲಿಗೆಗೆ ಕಹಿಯೆನಿಸಿತು ಎನ್ನುವಾಗ ‘ಎಸ್ತಾ ಅಮಾರ್ಗೊ’.

ಇದನ್ನು ಶಾಶ್ವತ ಮತ್ತು ತಾತ್ಕಾಲಿಕ ಎಂದು ವಿಂಗಡಿಸಿ ಕಲಿಸುವ ರೂಢಿಯನ್ನು ನಾನು ಒಪ್ಪುವುದಿಲ್ಲ. ವಸ್ತುವೊಂದು ಎಲ್ಲಿದೆ ಎನ್ನಲು ‘ಎಸ್ತಾರ್’ ಬಳಸುತ್ತಾರೆ. 1117ರಲ್ಲಿ ಪ್ರತಿಷ್ಠಾಪನೆಯಾಗಿ ಇಂದಿಗೂ ಅಲ್ಲೇ ಇರುವ ಚೆನ್ನಕೇಶವ ದೇವಾಲಯವೂ ಬೇಲೂರಿನಲ್ಲಿ ‘ಎಸ್ತಾ’. ಆದರೆ ಯಾವುದರಿಂದ ಮಾಡಿದ್ದು ಎನ್ನಲು ‘ಎಸ್ ದೆ’ ಬರುತ್ತದೆ: ಕಲ್ಲಿನದು ‘ಎಸ್ ದೆ ಪ್ಯೇದ್ರಾ’, ಮರದ್ದು ‘ಎಸ್ ದೆ ಮದೇರಾ’.

ಕನ್ನಡದಲ್ಲಿ ಕಲ್ಲು, ಮೆಣಸು, ಬೀಜ ಎಲ್ಲವೂ ನಪುಂಸಕಲಿಂಗ. ಸ್ಪ್ಯಾನಿಷ್‌ನಲ್ಲಿ ಪ್ರತಿ ನಾಮಪದಕ್ಕೂ ಪುಲ್ಲಿಂಗ ಅಥವಾ ಸ್ತ್ರೀಲಿಂಗವಿದ್ದು, ಸಾಮಾನ್ಯವಾಗಿ ನಾಮಪದದ ನಂತರ ಬರುವ ಗುಣವಾಚಕವು ಲಿಂಗವಚನಗಳಿಗೆ ತಕ್ಕಂತೆ ಬದಲಾಗುತ್ತದೆ. ಕಪ್ಪು ಬೀಜ ‘ಗ್ರಾನೊ ನೇಗ್ರೊ’ ಆದರೆ ಕಾಳುಮೆಣಸು ‘ಪಿಮ್ಯೇಂತಾ ನೇಗ್ರಾ’, ಕಪ್ಪು ಕಲ್ಲುಗಳು ‘ಪ್ಯೇದ್ರಾಸ್ ನೇಗ್ರಾಸ್’. ಆದ್ದರಿಂದ ಪ್ರತಿ ನಾಮಪದವನ್ನೂ ಪುಲ್ಲಿಂಗ ಸೂಚಿಸುವ ‘ಎಲ್’ ಅಥವಾ ಸ್ತ್ರೀಲಿಂಗ ಸೂಚಿಸುವ ‘ಲಾ’ ಸಹಿತವೇ ಬರೆದುಕೊಳ್ಳಿರಿ. ಸ್ಟ್ರಾಂಗ್ ಎನ್ನುವ ‘ಫ್ವೇರ್ತೆ’, ಹದವಾದ ಅಥವಾ ನಯವಾದ ಎನ್ನುವ ‘ಸ್ವಾಬೆ’, ಸಿಹಿ ಎನ್ನುವ ‘ದುಲ್ಸೆ’ ಮುಂತಾದ ಎಕಾರಾಂತ ಪದಗಳಿಗೆ ಲಿಂಗಭೇದವಿಲ್ಲ. ಉಚ್ಚಾರಣೆಯಲ್ಲಿ ನಮ್ಮ ತ, ದಗಳೇ ಸಾಕು. ಟ, ಡಗಳನ್ನು ತರಬಾರದು.

ಬಳಿಕ ಪದಗಳನ್ನು ವಿರುದ್ಧ ಜೋಡಿಗಳಲ್ಲಿ ಕಲಿಯಿರಿ: ಗಟ್ಟಿ ‘ದೂರೊ’, ಮೆತ್ತಗೆ ‘ಬ್ಲಾಂದೊ’, ಒರಟು ‘ಆಸ್ಪೆರೊ’, ನುಣುಪು ‘ಲೀಸೊ’, ಭಾರ ‘ಪೆಸಾದೊ’, ಹಗುರ ‘ಲಿಹೇರೊ’. ಬೇಲೂರಿನ ಬಳಪದ ಕಲ್ಲನ್ನೂ ಶ್ರವಣಬೆಳಗೊಳದ ಗ್ರಾನೈಟನ್ನೂ ಹೋಲಿಸಿ ಹೇಳಲು ಮೊದಲ ಜೋಡಿಯೇ ಸಾಕಾಗುತ್ತದೆ. ಕೊನೆಗೆ ಅವುಗಳಿಂದಲೇ ಭಾವನಾಮಗಳನ್ನು ಬೆಳೆಸಿಕೊಳ್ಳಿರಿ: ‘ದೂರೊ’ದಿಂದ ಗಡಸುತನವೆಂಬ ‘ದುರೇಸಾ’, ‘ಸ್ವಾಬೆ’ಯಿಂದ ‘ಸ್ವಾಬಿದಾದ್’, ತೇವವೆಂಬ ‘ಊಮೆದೊ’ದಿಂದ ‘ಉಮೆದಾದ್’, ಹೀಗೆ ‘ಏಸಾ’, ‘ದಾದ್’ ಸೇರಿ ಆಗುವ ಭಾವನಾಮಗಳೆಲ್ಲ ಸ್ತ್ರೀಲಿಂಗವಾದ್ದರಿಂದ ಅವುಗಳ ಮುಂದೆ ‘ಲಾ’ ಎಂದು ನಿಸ್ಸಂಶಯವಾಗಿ ಬರೆಯಬಹುದು.