ಹಳೆಯ ಕಾರಿಗೆ ಒಳಗೇ ರೆಗ್ಯುಲೇಟರ್ ಇರುವ ಆಲ್ಟರ್ನೇಟರ್ ಕೂರಿಸುವುದು

ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವುದು ಆಲ್ಟರ್ನೇಟರ್; ಅದರ ವೋಲ್ಟೇಜನ್ನು ಮಿತಿಯಲ್ಲಿಡುವುದು ರೆಗ್ಯುಲೇಟರ್. ಮೊದಲು ಬ್ಯಾಟರಿಯ ಕೇಬಲ್ ಬಿಚ್ಚಿ. ಕಾರು ಪಾಸಿಟಿವ್ ಅರ್ತ್‌ನದಾದರೆ (ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಜೋಡಿಸಿದ್ದರೆ) ಅದನ್ನು ನೆಗೆಟಿವ್ ಅರ್ತ್‌ಗೆ ಬದಲಾಯಿಸದೆ ಮುಂದುವರಿಯಬೇಡಿ; ಬ್ಯಾಟರಿ ಉಲ್ಟಾ ಆದರೆ ಆಲ್ಟರ್ನೇಟರಿನ ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಕ್ಷಣದಲ್ಲೇ ಸುಡುತ್ತವೆ.

ಆಲ್ಟರ್ನೇಟರ್ ಪುಲ್ಲಿ ಕ್ರ್ಯಾಂಕ್ ಪುಲ್ಲಿಯ ನೇರಕ್ಕೇ ಬರಬೇಕು. ನೆಟ್ಟಗಿನ ಪಟ್ಟಿ ಹಿಡಿದು ನೋಡಿ, ವಾಷರ್ ಹಾಕಿ ಸರಿಪಡಿಸಿ. ಓರೆಯಾದರೆ ಬೆಲ್ಟ್ ಅಂಚು ಸವೆದು ಕರಿ ಪುಡಿ ಉದುರುತ್ತದೆ.

ಹೊರಗಿನ ಹಳೆಯ ರೆಗ್ಯುಲೇಟರ್ ತೆಗೆದು, ಅದರಿಂದ ಹಳೆಯ ಯಂತ್ರದ ಸುರುಳಿಗೆ ಹೋಗುತ್ತಿದ್ದ ಫೀಲ್ಡ್ ವೈರಿನ ತುದಿಗೆ ಟೇಪ್ ಸುತ್ತಿ. ಆಲ್ಟರ್ನೇಟರಿನ ಕರೆಂಟ್ ಹೊರಬರುವ ದಪ್ಪ ಬಿ-ಪ್ಲಸ್ ಸ್ಟಡ್ಡಿನಿಂದ ಬ್ಯಾಟರಿ ಪಾಸಿಟಿವ್‌ಗೆ ಹೊಸ ವೈರ್ ಎಳೆಯಿರಿ: 60 ಆಂಪಿಯರಿನದಕ್ಕೆ 16 ಚದರ ಮಿ.ಮೀ. ತಾಮ್ರ, ಬ್ಯಾಟರಿ ಪಕ್ಕದಲ್ಲೇ 80 ಆಂಪಿಯರ್ ಫ್ಯೂಸ್. ಹಳೆಯ ವೈರನ್ನೇ ನೆಚ್ಚಿಕೊಳ್ಳಬೇಡಿ, ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. 30 ಆಂಪಿಯರಿನ ಆಮೀಟರ್ ಮೂಲಕವಂತೂ ಈ ಕರೆಂಟ್ ಹಾಯಿಸಲೇಬಾರದು.

ಆಲ್ಟರ್ನೇಟರಿನ ಸಣ್ಣ ಪ್ಲಗ್ಗಿನಲ್ಲಿ ‘ಎಸ್’ (ಬ್ಯಾಟರಿಯ ವೋಲ್ಟೇಜ್ ಅರಿಯುವ ಪಿನ್) ಇದ್ದರೆ ಅದು ಬ್ಯಾಟರಿ ಪಾಸಿಟಿವ್‌ಗೆ. ‘ಎಲ್’ ಪಿನ್ನಿಗೆ ಇಗ್ನಿಷನ್‌ನಿಂದ ಚಾರ್ಜ್ ದೀಪದ ಮೂಲಕವೇ ವೈರ್ ಬರಬೇಕು. ಜನ ಹೆಚ್ಚು ಎಡವುವುದು ಇಲ್ಲೇ. ನೇರ ಕೊಟ್ಟರೆ ರೆಗ್ಯುಲೇಟರ್ ಸುಡಬಹುದು. ಕೀ ತೆಗೆದರೂ ಎಂಜಿನ್ ನಿಲ್ಲದೇ ಇರಬಹುದು, ಏಕೆಂದರೆ ಕರೆಂಟ್ ‘ಎಲ್’ನಿಂದ ಹಿಮ್ಮುಖವಾಗಿ ಇಗ್ನಿಷನ್‌ಗೆ ಹರಿಯುತ್ತದೆ. ದೀಪವಿದ್ದೂ ಹಾಗಾದರೆ ಆ ವೈರಿನಲ್ಲಿ ಒಂದು ಡಯೋಡ್ ಸೇರಿಸಿ, ಅದರ ಪಟ್ಟೆ ಆಲ್ಟರ್ನೇಟರ್ ಕಡೆಗಿರಲಿ. ಚಾರ್ಜ್ ದೀಪಕ್ಕೆ ಎಲ್‌ಇಡಿ ಬಲ್ಬ್ ಬೇಡ. ಅದರಲ್ಲಿ ಹರಿಯುವ ಕರೆಂಟ್ ಚಾರ್ಜಿಂಗ್ ಶುರುಮಾಡಲು ಸಾಲದು.

ಬ್ಯಾಟರಿ ಮೇಲೆ ಮಲ್ಟಿಮೀಟರ್ ಇಡಿ: ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5. ಹೆಡ್‌ಲೈಟ್ ಹಾಕಿದಾಗ 13ಕ್ಕಿಂತ ಇಳಿದರೆ ಬೆಲ್ಟ್ ಬಿಗಿಯನ್ನೂ ಎಂಜಿನ್ ಅರ್ತ್ ಪಟ್ಟಿಯ ತುಕ್ಕನ್ನೂ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಿತ್ತು ಪರೀಕ್ಷಿಸುವ ಹಳೇ ರೂಢಿ ಇಲ್ಲಿ ಬೇಡವೇ ಬೇಡ.