ಹಳೆಯ ರೀಫ್ ಟ್ಯಾಂಕ್‌ನಲ್ಲಿ ಬಂಡೆಗಳ ಮರುಜೋಡಣೆ

ರೀಫ್ ಟ್ಯಾಂಕ್‌ನ (ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ) ಕಾಲುಭಾಗದಷ್ಟು ಉಪ್ಪುನೀರನ್ನು ಹಿಂದಿನ ದಿನವೇ ಕಲಸಿಡಿ: ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್. ಮರಳು ಕೆದಕುವ ಮೊದಲೇ ತಿಳಿನೀರನ್ನು ಬಕೆಟ್‌ಗಳಿಗೆ ತೆಗೆದು ಮೀನು, ಹವಳ, ಬಂಡೆಗಳನ್ನು ಬೇರೆ ಬೇರೆಯಾಗಿ ಮುಳುಗಿಸಿಡಿ. ಒಣಗಿದ ಬಂಡೆಯಲ್ಲಿ ಜೀವಿಗಳು ಸತ್ತು ಅಮೋನಿಯಾ ಏರುತ್ತದೆ. ಹವಳದ ಹತ್ತಿರದ ಜೀವಿಗಳಾದ ಝೋಆಂಥಿಡ್‌ಗಳಿದ್ದರೆ ಕೈಗವಸು, ಕನ್ನಡಕ ಬೇಕೇ ಬೇಕು. ಅವುಗಳ ವಿಷ ಸಾಮಾನ್ಯದ್ದಲ್ಲ.

ನಿಜವಾದ ಅಪಾಯ ಹಳೆಯ ಮರಳಿನದು. ಕಪ್ಪು ಪದರದಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ. ಆ ಮರಳನ್ನು ಸೈಫನ್ ಮಾಡಿ (ಕೊಳವೆಯಿಂದ ನೀರಿನೊಂದಿಗೆ ಹೀರಿ) ತೆಗೆಯಿರಿ, ಆ ನೀರನ್ನು ಚೆಲ್ಲಿಬಿಡಿ.

ತಳದ ಬಂಡೆ ಮರಳಿನ ಮೇಲಲ್ಲ, ಗಾಜಿನ ಮೇಲೇ ಕೂರಲಿ. ಪಿಸ್ಟಲ್ ಸೀಗಡಿ ಅಡಿಯಲ್ಲಿ ಬಿಲ ತೋಡಿದರೆ ಇಡೀ ಗುಡ್ಡೆ ಕುಸಿಯುತ್ತದೆ. ಕೂಡುವಲ್ಲಿ ಸೂಪರ್‌ಗ್ಲೂ ಜೆಲ್, ಎಪಾಕ್ಸಿ ಪುಟ್ಟಿ ಎರಡೂ ಹಾಕಿ, ಅಲುಗಾಡಿಸಿ ನೋಡಿ. ಒಂದು ವಾರ ದಿನವೂ ಅಮೋನಿಯಾ ಪರೀಕ್ಷಿಸಿ. ಕಾಣಿಸಿಕೊಂಡರೆ ಕೂಡಲೇ ನೀರು ಬದಲಿಸಿ.